2012ರ ಆಡಿ ಟಿಟಿ, 16 ಲಕ್ಷ. ದಾವಣಗೆರೆಯಾಗ ಸಾಕಬಹುದಾ?

ಬೆಣ್ಣೆದೋಸೆ_17

ಎಲ್ಲರಿಗೂ ನಮಸ್ಕಾರ್ರೀ. ಸ್ಪೋರ್ಟ್ಸ್ ಕಾರಿಗೆ ಕೈ ಹಾಕ್ತಿರೋದು ಇದೇ ಮೊದಲು, ಅದೂ ಸೆಕೆಂಡ್ ಹ್ಯಾಂಡ್. ಬಜೆಟ್ ಎಲ್ಲಾ ಸೇರಿ 18 ಲಕ್ಷ, ಅದರ ಮೇಲೆ ಒಂದು ರೂಪಾಯಿ ಇಲ್ಲ. ಬೆಂಗಳೂರಾಗ ಒಬ್ಬ ಡೀಲರ್ ಹತ್ರ 2012ರ ಆಡಿ ಟಿಟಿ ಐತಿ. 2.0 ಟಿಎಫ್‌ಎಸ್‌ಐ (ಟರ್ಬೊ ಪೆಟ್ರೋಲ್ ಎಂಜಿನ್), ಕ್ವಾಟ್ರೊ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗೋದು), ಆಟೋಮ್ಯಾಟಿಕ್. ಮೀಟರ್ 48,000 ತೋರಿಸ್ತೈತಿ. ಡೆಲ್ಲಿ ನಂಬರ್, ಎರಡನೇ ಓನರ್. ಹೇಳ್ತಿರೋದು 16, "ಬನ್ನಿ, ಕೂತು ಮಾತಾಡೋಣ" ಅಂತಾನೆ. ಫೋಟೋದಾಗಂತೂ ಮದುಮಗನ ಹಂಗೆ ಮಿಂಚ್ತೈತಿ.

ಪ್ರಶ್ನೆ ಮೂರೇ. ನೋಡೋಕೆ ಹೋದಾಗ ಏನೇನು ನೋಡಬೇಕು? ದಾವಣಗೆರೆಯಾಗ ಇಟ್ಕೊಂಡು ಮೇಂಟೇನ್ ಮಾಡೋಕಾಗುತ್ತಾ? ಕೆಎ-17 (ದಾವಣಗೆರೆ ನಂಬರ್) ಮಾಡಿಸೋಕೆ ಏನೇನು ಖರ್ಚು? ಓಡಿಸೋದು ಭಾನುವಾರ ಹೈವೇ, ನಡುವೆ ಒಂದೆರಡು ಸಲ ಪಿ.ಬಿ. ರೋಡ್, ಅಷ್ಟೇ. ದಿನದ ಓಡಾಟಕ್ಕೆ ಬೇರೆ ಗಾಡಿ ಐತಿ.

ಮಂಡಕ್ಕಿ_ಮಿರ್ಚಿ

ಗಾಡಿಗೆ 16, ಕೈಯಾಗ ಉಳಿಯೋದು 2. ಆ ಎರಡು ಮೊದಲನೇ ತಿಂಗಳಿಗೇ ಖಾಲಿ. ಎರಡನೇ ತಿಂಗಳು ಏನ್ ಮಾಡ್ತೀರಿ?

ಪಾನಾ_ನಂಬರ್_13

ಮಿರ್ಚಿ ಅಣ್ಣ ಹೇಳಿದ್ದು ತಮಾಷೆ ಅಲ್ಲ. ಈ ವಯಸ್ಸಿನ ಗಾಡಿಗೆ ಬೆಲೆಯ ಕಾಲು ಭಾಗದಷ್ಟು ದುಡ್ಡು ಪಕ್ಕಕ್ಕೆ ಎತ್ತಿಡಬೇಕು. 18 ಇದ್ರೆ ನೀವು ನೋಡಬೇಕಾದ್ದು 13–14 ಲಕ್ಷದ ಗಾಡಿ.

ಮೊದಲು ಒಳಗೆ ಯಾವ ಎಂಜಿನ್ ಕೂತಿದೆ ಅಂತ ತಿಳ್ಕೊಳ್ಳಿ. ಎರಡನೇ ತಲೆಮಾರಿನ ಟಿಟಿಯಲ್ಲಿ "2.0 ಟಿಎಫ್‌ಎಸ್‌ಐ" ಅನ್ನೋ ಒಂದೇ ಹೆಸರಲ್ಲಿ ಎರಡು ಬೇರೆ ಎಂಜಿನ್ ಬಂದಿವೆ. 2010ರ ಫೇಸ್‌ಲಿಫ್ಟ್‌ಗೆ (ಅದೇ ಮಾಡೆಲ್‌ಗೆ ಮಾಡಿದ ಸಣ್ಣ ಬದಲಾವಣೆ) ಮೊದಲಿನದು ಇಎ113, 200 ಪಿಎಸ್ (ಹಾರ್ಸ್‌ಪವರ್ ಥರದ ಲೆಕ್ಕ), ಟೈಮಿಂಗ್ ಬೆಲ್ಟ್ ಇರೋದು. ಅದರಲ್ಲಿ ಹೈ ಪ್ರೆಷರ್ ಪೆಟ್ರೋಲ್ ಪಂಪಿನ ಕೆಳಗೆ ಕ್ಯಾಮ್ ಫಾಲೋವರ್ ಅಂತ ಬಟ್ಟಲಿನಂಥ ಸಣ್ಣ ಸಾಮಾನಿರುತ್ತೆ. ಅದು ಸವೆದು ತೂತು ಬಿದ್ರೆ ಕ್ಯಾಮ್‌ಶಾಫ್ಟನ್ನೇ ಕೆರೆದು ಹಾಕುತ್ತೆ. ಆಮೇಲಿನದು ಇಎ888, 211 ಪಿಎಸ್, ಟೈಮಿಂಗ್ ಚೈನ್. ನಿಮ್ಮದು 2012 ಅಂದ್ರೆ ಇದು.

ಇದಕ್ಕೆ ಎರಡು ಕಾಯಿಲೆ. ಒಂದು, ಚೈನ್ ಟೆನ್ಷನರ್, ಅಂದ್ರೆ ಚೈನನ್ನ ಬಿಗಿಯಾಗಿ ಹಿಡಿಯೋ ಸಾಮಾನು. ಹಳೇ ಡಿಸೈನಿನ ಟೆನ್ಷನರ್‌ನಲ್ಲಿ ಹಲ್ಲು ಜಾರಿ ಚೈನ್ ಸಡಿಲ ಆಗುತ್ತೆ. ಚೈನ್ ಹಲ್ಲು ತಪ್ಪಿದ್ರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತೆ, ಅಲ್ಲಿಗೆ ಎಂಜಿನ್ ಕಥೆ ಮುಗೀತು. ರಾತ್ರಿಯೆಲ್ಲಾ ನಿಂತ ಗಾಡಿಯನ್ನ ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡ್ ಚೈನ್ ಎಳೆದಾಡಿದ ಸದ್ದು ಬಂದ್ರೆ ಅದೇ ಗುಮಾನಿ. ಟೈಮಿಂಗ್ ಕವರ್‌ನಲ್ಲಿ ನೋಡೋಕೊಂದು ತೂತಿದೆ, ರಬ್ಬರ್ ಮುಚ್ಚಳ ಕಿತ್ತು ಎಂಡೋಸ್ಕೋಪ್ ಕ್ಯಾಮೆರಾ ಬಿಟ್ರೆ ಹಳೇ ಟೆನ್ಷನರೋ ಹೊಸದೋ ಕಣ್ಣಿಗೆ ಕಾಣುತ್ತೆ.

ಎರಡು, ಆಯಿಲ್ ಕುಡಿಯೋದು. ಪಿಸ್ಟನ್ನಿನ ಆಯಿಲ್ ರಿಂಗ್ ತೀರಾ ತೆಳು, ಆಯಿಲ್ ವಾಪಸ್ ಹೋಗೋ ತೂತುಗಳು ಕಾರ್ಬನ್ ಕಟ್ಟಿ ಮುಚ್ಚಿಕೊಳ್ತವೆ. 1,000 ಕಿ.ಮೀ.ಗೆ ಅರ್ಧ ಲೀಟರ್ ತನಕ ಸರಿ ಅಂತ ಕಂಪನಿಯವರೇ ಹೇಳ್ತಾರೆ. ಅದನ್ನ ದಾಟಿದ್ರೆ ಪಿಸ್ಟನ್, ರಿಂಗ್ ಎರಡೂ ಬದಲಾಯಿಸಬೇಕು. ಅಂದ್ರೆ ಎಂಜಿನ್ ಪೂರ್ತಿ ಬಿಚ್ಚೋದು. ಸೈಲೆನ್ಸರ್ ಬಾಯಿಗೆ ಬೆರಳು ಹಾಕಿ ನೋಡಿ. ಒಣ ಮಸಿ ಬಂದ್ರೆ ಚಿಂತೆ ಇಲ್ಲ, ಡೈರೆಕ್ಟ್ ಇಂಜೆಕ್ಷನ್ ಗಾಡಿಗೆ ಅದು ಮಾಮೂಲಿ. ಬೆರಳಿಗೆ ಜಿಡ್ಡು ಅಂಟಿದ್ರೆ ಸ್ಪಾರ್ಕ್ ಪ್ಲಗ್ ನಾಲ್ಕೂ ಬಿಚ್ಚಿಸಿ.

ಟರ್ಬೊ_ತಿಮ್ಮ

ಎಂಜಿನ್ ಬಿಡಿ ಗುರು, ಗೇರ್‌ಬಾಕ್ಸೇ ಮೊದಲು ಕೈ ಕೊಡೋದು. ಪೋಲೋ ಜಿಟಿಯಲ್ಲಿ ಬಂದ ಅದೇ ಡಿಎಸ್‌ಜಿ (ಎರಡು ಕ್ಲಚ್‌ನ ಆಟೋಮ್ಯಾಟಿಕ್) ತಾನೇ ಇದು. ಮೆಕಟ್ರಾನಿಕ್ (ಗೇರ್ ಬದಲಾಯಿಸೋ ಎಲೆಕ್ಟ್ರಾನಿಕ್ ಭಾಗ) ಹೋಗುತ್ತೆ, ಒಂದೂವರೆ ಲಕ್ಷಕ್ಕೆ ಕಮ್ಮಿ ಇಲ್ಲ.

ಪಾನಾ_ನಂಬರ್_13

ತಿಮ್ಮಣ್ಣ, ಅದಲ್ಲ ಇದು. ಪೋಲೋ ಜಿಟಿ ಟಿಎಸ್‌ಐ 1.2ರಲ್ಲಿ ಇದ್ದಿದ್ದು ಡಿಕ್ಯೂ200. ಏಳು ಗೇರ್, ಒಣ ಕ್ಲಚ್. ಬೇಸಿಗೆಯ ಟ್ರಾಫಿಕ್‌ನಲ್ಲಿ ಒದ್ದಾಡೋದು ಅದು. ಟಿಟಿಯಲ್ಲಿರೋದು ಡಿಕ್ಯೂ250. ಆರು ಗೇರ್, ಕ್ಲಚ್ ಆಯಿಲ್‌ನಲ್ಲೇ ಮುಳುಗಿರುತ್ತೆ, ಅದಕ್ಕಿಂತ ಎಷ್ಟೋ ಗಟ್ಟಿ. ಆದ್ರೆ ಆಯಿಲ್ ಬದಲಾಯಿಸಲೇಬೇಕು, 60,000 ಕಿ.ಮೀ.ಗೆ ಒಂದು ಸಲ, ಫಿಲ್ಟರ್ ಸಮೇತ. 48,000 ಓಡಿದೆ, ಇನ್ನೂ ಬೇಡ ಅಂತ ಡೀಲರ್ ಅಂದ್ರೆ ಒಪ್ಪಬೇಡಿ. ಇಷ್ಟು ವರ್ಷ ಅದೇ ಆಯಿಲ್ ಒಳಗಿದ್ರೆ ಕಿಲೋಮೀಟರ್ ಲೆಕ್ಕ ನಡೆಯಲ್ಲ.

ಇನ್ನೊಂದು. ಈ ಗೇರ್‌ಬಾಕ್ಸಿನ ಆಯಿಲ್ ಲೆವೆಲ್ ನೋಡೋದು ಎಂಜಿನ್ ಓಡ್ತಿರುವಾಗ, ಆಯಿಲ್ 35ರಿಂದ 45 ಡಿಗ್ರಿ ಒಳಗೆ ಇರುವಾಗ. ಸ್ಕ್ಯಾನರ್ ಹಾಕಿ ಆ ಡಿಗ್ರಿ ಓದದೇ ಅಂದಾಜಲ್ಲಿ ತುಂಬಿಸಿದ್ರೆ ಕಮ್ಮಿ ಆಗುತ್ತೆ, ಇಲ್ಲಾ ಜಾಸ್ತಿ ಆಗುತ್ತೆ. "ಆಯಿಲ್ ಚೇಂಜ್ ಮಾಡಿಸಿದ ಮೇಲೇ ಗೇರ್ ಕೆಟ್ಟಿದ್ದು" ಅನ್ನೋ ಮಾತು ಹುಟ್ಟೋದು ಹೀಗೆ.

ಟರ್ಬೊ_ತಿಮ್ಮ

ಸರಿ ಸರಿ, ತಪ್ಪಾಯ್ತು. ಡಿಎಸ್‌ಜಿ ಅಂದ್ರೆ ಎಲ್ಲಾ ಒಂದೇ ಅನ್ಕೊಂಡಿದ್ದೆ.

ಹರಿಹರ_ಲೇತ್

ಕ್ವಾಟ್ರೊ ಅಂದ್ರಲ್ಲ, ಹಿಂದಿನ ಚಕ್ರಕ್ಕೆ ಶಕ್ತಿ ಹೋಗೋದು ಹಾಲ್ಡೆಕ್ಸ್ ಕಪ್ಲಿಂಗ್ ಮೂಲಕ. ಅದಕ್ಕೂ ಬೇರೆ ಆಯಿಲ್ ಇದೆ, ಜನ ಮರೆತೇ ಬಿಡ್ತಾರೆ. ಬಿಲ್‌ನಲ್ಲಿ ಆ ಹೆಸರು ಒಂದು ಸಲನಾದ್ರೂ ಕಾಣದಿದ್ರೆ ಯಾರೂ ಮುಟ್ಟಿಲ್ಲ ಅಂತಲೇ ಲೆಕ್ಕ.

ನಾಲ್ಕು ಚಕ್ರ ತಿರುಗೋ ಗಾಡಿಗೆ ನಾಲ್ಕೂ ಟೈರ್ ಒಂದೇ ಕಂಪನಿ, ಒಂದೇ ಸೈಜ್ ಇರಬೇಕು, ಸವೆತವೂ ಹೆಚ್ಚುಕಮ್ಮಿ ಒಂದೇ ಇರಬೇಕು. ಮುಂದಿನವು ಹೊಸವು, ಹಿಂದಿನವು ಬೋಳು ಅಂದ್ರೆ ಸುತ್ತಳತೆ ಬೇರೆ ಆಗಿ ಕಪ್ಲಿಂಗ್‌ಗೆ ಸುಮ್ಮನೆ ಕೆಲಸ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂದ್ರೆ 2019ರ 23ನೇ ವಾರ. ಐದಾರು ವರ್ಷ ದಾಟಿದ್ರೆ ಹೂವು (ಟೈರ್ ಮೇಲಿನ ಗ್ರಿಪ್) ಎಷ್ಟೇ ಇದ್ರೂ ರಬ್ಬರ್ ಗಟ್ಟಿ ಆಗಿರುತ್ತೆ.

ಕೋಟೆ_ಬುರುಜು

ಹೋಗುವಾಗ ಒಂದು ಅಯಸ್ಕಾಂತ ಜೇಬಲ್ಲಿ ಇಟ್ಕೊಂಡು ಹೋಗಿ ಸಾರ್. ಬಾಡಿ ಮೇಲೆ ಇಟ್ಟು ನೋಡಿ. ಎಲ್ಲಿ ಅಂಟಲ್ವೋ ಅಲ್ಲಿ ಪುಟ್ಟಿ ಮೆತ್ತವ್ರೆ ಅಂತ ಅರ್ಥ.

ಹರಿಹರ_ಲೇತ್

ಬುರುಜು, ಆ ಉಪಾಯ ಟಿಟಿ ಹತ್ರ ನಡೆಯಲ್ಲ. ಅದರ ಬಾಡಿಯಲ್ಲಿ ನೂರಕ್ಕೆ 69 ಪಾಲು ಅಲ್ಯುಮಿನಿಯಂ. ಬಾನೆಟ್, ಮುಂದಿನ ಫೆಂಡರ್, ಟಾಪ್ ಯಾವುದಕ್ಕೂ ಅಯಸ್ಕಾಂತ ಅಂಟಲ್ಲ. ಹೊಸ ಗಾಡಿಗೂ ಅಂಟಲ್ಲ! ಉಕ್ಕು ಇರೋದು ಬಾಗಿಲು, ಡಿಕ್ಕಿ ಬಾಗಿಲು, ಹಿಂದಿನ ತಳದ ತಗಡು. ತೂಕ ಹಿಂದೆ ಮುಂದೆ ಸಮ ಆಗಲಿ ಅಂತ ಹಂಗೆ ಮಾಡಿದ್ದಾರೆ.

ಪೇಂಟ್ ದಪ್ಪ ಅಳೆಯೋ ಮೀಟರ್ ಬೇಕು, ಅದೂ ಅಲ್ಯುಮಿನಿಯಂ ಮೇಲೂ ಓದೋ ಮೀಟರ್. ಬರೀ ಕಬ್ಬಿಣಕ್ಕೆ ಓದೋ ಅಗ್ಗದ ಮೀಟರ್ ಬಾನೆಟ್ ಮೇಲೆ ಇಟ್ರೆ ಏನೂ ತೋರಿಸಲ್ಲ. ಕಂಪನಿ ಪೇಂಟ್ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್. 200–350 ಬಂದ್ರೆ ಮೇಲೊಂದು ಸಲ ಪೇಂಟ್ ಆಗಿದೆ, ಗೀರು ಬಿದ್ದು ಮಾಡಿಸಿರಬಹುದು, ಗಾಬರಿ ಬೇಡ. 500 ದಾಟಿದ್ರೆ ಒಳಗೆ ಪುಟ್ಟಿ. ಒಂದೊಂದು ತಗಡಿನಲ್ಲೂ ಐದು ಕಡೆ ಅಳೀರಿ, ನಡುವೆ ಒಂದೇ ಕಡೆ ಅಳೆದು ಬರಬೇಡಿ.

ಅಲ್ಯುಮಿನಿಯಂ ಟಿಂಕರಿಂಗ್ ಎಲ್ಲರ ಕೈಯಲ್ಲೂ ಆಗೋ ಕೆಲಸ ಅಲ್ಲ. ಕಬ್ಬಿಣದ ತಗಡಿನ ಹಾಗೆ ಕಾಯಿಸಿ ಬಡಿದ್ರೆ ಹಿಗ್ಗಿ ಹೋಗುತ್ತೆ, ಬೆಸುಗೆಗೂ ಬೇರೆ ಗ್ಯಾಸ್, ಬೇರೆ ವೈರ್ ಬೇಕು. ಮುಂದಿನ ಭಾಗ ಬಡಿಸಿಕೊಂಡ ಟಿಟಿ ಆದ್ರೆ ಬೆಲೆ ಎಷ್ಟೇ ಇಳಿಸಿದ್ರೂ ಬೇಡ.

ಕೋಟೆ_ಬುರುಜು

ಅಲೆಲೆ, ಅಲ್ಯುಮಿನಿಯಂ ಅಂತ ಗೊತ್ತಿರ್ಲಿಲ್ಲ. ನಮ್ಮ ದುರ್ಗದಲ್ಲಿ ಎಲ್ಲಾ ಅಯಸ್ಕಾಂತದ ಮೇಲೇ ನಡೀತೈತೆ 😄

ಫಾರಂ_29_30

ಕಾಗದದ ವಿಷಯ ನಾನು ಹೇಳ್ತೀನಿ.

ಡೆಲ್ಲಿಯಲ್ಲಿ ಪೆಟ್ರೋಲ್ ಗಾಡಿಗೆ 15 ವರ್ಷ, ಡೀಸೆಲ್‌ಗೆ 10 ವರ್ಷದ ಗಡುವು ಅಂತ ಇರೋದ್ರಿಂದ ಅಲ್ಲಿಯ ಹಳೇ ಗಾಡಿಗಳು ಕಮ್ಮಿ ಬೆಲೆಗೆ ದಕ್ಷಿಣಕ್ಕೆ ಬರ್ತವೆ. ಬೆಲೆ ಕಮ್ಮಿ ಅನ್ಸಿದ್ದಕ್ಕೆ ಅರ್ಧ ಕಾರಣ ಅದು. ಇನ್ನರ್ಧ ನಿಮ್ಮ ಜೇಬಿಂದ ಇಲ್ಲಿ ಹೋಗುತ್ತೆ.

ಬೇಕಾಗೋದು ಇಷ್ಟು: ಡೆಲ್ಲಿ ಆರ್‌ಟಿಒದ ಎನ್‌ಒಸಿ (ಫಾರಂ 28), ಮಾಲೀಕತ್ವ ಬದಲಾವಣೆಗೆ ಫಾರಂ 29 ಮತ್ತು 30, ಕರ್ನಾಟಕದ ನಂಬರ್‌ಗೆ ಫಾರಂ 27. ಸಾಲ ಇದ್ದ ಗಾಡಿ ಆದ್ರೆ ಫಾರಂ 35 ಮತ್ತು ಬ್ಯಾಂಕಿನ ಪತ್ರ. ಆರ್‌ಸಿಯಲ್ಲಿ ಹೈಪೋಥಿಕೇಷನ್ (ಬ್ಯಾಂಕ್ ಸಾಲದ ನಮೂದು) ಇನ್ನೂ ಕಾಣ್ತಿದ್ರೆ "ಲೋನ್ ಕ್ಲೋಸ್ ಆಗಿದೆ ಸಾರ್" ಅನ್ನೋ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಸಾಲ, ಇನ್ಶೂರೆನ್ಸ್ ನೋಡಿ, ಬಾಕಿ ಚಲನ್ ಬೇರೆಯಾಗಿ ನೋಡಿ. ಬಾನೆಟ್ ಎತ್ತಿ ಚೇಸಿಸ್ ನಂಬರ್ ಒಂದೊಂದೇ ಅಕ್ಷರ ಆರ್‌ಸಿ ಜೊತೆ ತಾಳೆ ಮಾಡಿ.

ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳು ದಾಟಿದ್ರೆ ಇಲ್ಲಿಯ ನಂಬರ್ ಆಗಲೇಬೇಕು. ನೀವು ಇಲ್ಲೇ ಇಟ್ಕೊಳ್ಳೋದ್ರಿಂದ ಮೊದಲೇ ಮಾಡಿಸಿ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ಲೈಫ್ ಟ್ಯಾಕ್ಸ್ 18 ಶೇಕಡ, ಮೇಲೆ ಸೆಸ್. ಹಳೇ ಗಾಡಿಗೆ ವಯಸ್ಸಿನ ಪ್ರಕಾರ ಶೇಕಡ ಇಳಿಯುತ್ತೆ. ಆದ್ರೆ ಲೆಕ್ಕ ಹಾಕೋದು ಗಾಡಿ ಹೊಸದಿದ್ದಾಗಿನ ಬೆಲೆ ಮೇಲೆ, ನೀವು ಕೊಟ್ಟ 16ರ ಮೇಲಲ್ಲ. ಜನ ಎಡವೋದು ಇಲ್ಲೇ. ದಾವಣಗೆರೆ ಆರ್‌ಟಿಒಗೆ ಆರ್‌ಸಿ, ಹಳೇ ಇನ್‌ವಾಯ್ಸ್ ಜೆರಾಕ್ಸ್ ತಗೊಂಡು ಹೋಗಿ ಮೊತ್ತ ಕೇಳಿಕೊಂಡು ಬನ್ನಿ, ಆಮೇಲೆ ಡೀಲರ್ ಹತ್ರ ಚೌಕಾಸಿ ಮಾಡಿ.

ಬೆಣ್ಣೆದೋಸೆ_17

ಹೊಸದಿದ್ದಾಗಿನ ಬೆಲೆ ಮೇಲಾ? ಯಪ್ಪಾ.

ಫಾರಂ_29_30

ಇನ್ನೂ ಇದೆ, ಕೂತ್ಕೊಳ್ಳಿ. 2012ರ ಗಾಡಿ, 2027ಕ್ಕೆ ಆರ್‌ಸಿಗೆ 15 ವರ್ಷ. ಆಮೇಲೆ ಫಿಟ್‌ನೆಸ್ ಮಾಡಿಸಿ ಐದೈದು ವರ್ಷಕ್ಕೆ ರಿನ್ಯೂವಲ್. 2021ರಲ್ಲಿ ಕೇಂದ್ರ ಹೊರಡಿಸಿದ ದರಪಟ್ಟಿಯಲ್ಲಿ ಮಾಮೂಲಿ ಕಾರಿಗೆ 5,000, ಇಂಪೋರ್ಟೆಡ್ ನಾಲ್ಕು ಚಕ್ರದ ಗಾಡಿಗೆ 40,000. ಟಿಟಿ ಇಲ್ಲಿಗೆ ಪೂರ್ತಿ ಗಾಡಿಯಾಗೇ ಹೊರಗಿಂದ ಬರ್ತಿತ್ತು. ಗ್ರೀನ್ ಟ್ಯಾಕ್ಸ್ ಬೇರೆ.

ದುಡ್ಡನ್ನ ಆರ್‌ಟಿಜಿಎಸ್‌ನಲ್ಲೇ ಕೊಡಿ. ಎರಡು ಲಕ್ಷ ಮತ್ತು ಮೇಲ್ಪಟ್ಟು ನಗದು ತಗೊಳ್ಳೋದಕ್ಕೆ ಆದಾಯ ತೆರಿಗೆ ಕಾಯ್ದೆಯಲ್ಲೇ ಅಡ್ಡಿ ಇದೆ. "ಅರ್ಧ ಕ್ಯಾಶ್ ಕೊಡಿ, ಇಪ್ಪತ್ತು ಸಾವಿರ ಬಿಡ್ತೀನಿ" ಅಂದ್ರೆ ಕಿವಿಗೆ ಹಾಕ್ಕೋಬೇಡಿ. ಗಾಡಿ ಕೊಂಡ 14 ದಿನದೊಳಗೆ ಇನ್ಶೂರೆನ್ಸ್ ಹೆಸರು ಬದಲಾಯಿಸೋಕೆ ಅರ್ಜಿ ಹಾಕಿ. ಹಳೇ ಓನರ್‌ನ ನೋ ಕ್ಲೇಮ್ ಬೋನಸ್ ಅವರ ಜೊತೆ ಹೋಗುತ್ತೆ, ನಿಮಗೆ ಬರಲ್ಲ. ಅದಕ್ಕೇ ಪ್ರೀಮಿಯಂ ಡೀಲರ್ ತೋರಿಸಿದ ಪಾಲಿಸಿಗಿಂತ ಜಾಸ್ತಿ ಬರುತ್ತೆ.

ಮಂಡಕ್ಕಿ_ಮಿರ್ಚಿ

ಇಷ್ಟೆಲ್ಲಾ ಕೇಳಿದ ಮೇಲೂ ಟಿಟಿ ಬೇಕಾ? ಅದೇ ದುಡ್ಡಿಗೆ ಸ್ಕೋಡಾ ಸ್ಲಾವಿಯಾ 1.5 ಮ್ಯಾನುಯಲ್ ನೋಡ್ರಿ. 150 ಪಿಎಸ್, ಆರು ಗೇರ್, 2022ರ ಮೇಲಿನ ಗಾಡಿ.

ಟರ್ಬೊ_ತಿಮ್ಮ

ಅದು ಸೆಡಾನ್ ಗುರು. ಅವ್ರು ಕೇಳ್ತಿರೋದು ಸ್ಪೋರ್ಟ್ಸ್ ಕಾರು. ನಾಲ್ಕು ಬಾಗಿಲಿನ ಗಾಡಿ ತೋರಿಸಿ ಸಮಾಧಾನ ಮಾಡ್ತೀರಲ್ಲ.

ಮಂಡಕ್ಕಿ_ಮಿರ್ಚಿ

ಎರಡು ಬಾಗಿಲು ಇದ್ದಮಾತ್ರಕ್ಕೆ ಸ್ಪೋರ್ಟ್ಸ್ ಕಾರ್ ಆಗಂಗಿದ್ರೆ ಹಳೇ ಮಾರುತಿ ಜಿಪ್ಸಿನೂ ಸ್ಪೋರ್ಟ್ಸ್ ಕಾರೇ.

ಗಾಜಿನಮನೆ_ಗಿರಿಜಕ್ಕ

ಇಬ್ಬರೂ ಸ್ವಲ್ಪ ನಿಲ್ಲಿಸ್ರಪ್ಪ. ಮೊದಲ ಸಲದವರು ಅಂತ ಅವರೇ ಹೇಳಿದ್ದಾರೆ, ಅವರಿಗೆ ಬೇಕಾದ್ದು ಹೇಳಿ. ಊರಲ್ಲೇ ರಿಪೇರಿ ಆಗೋ ಗಾಡಿ ಅಂದ್ರೆ ಎರಡಿದೆ. ಬಲೆನೊ ಆರ್‌ಎಸ್, 1.0 ಬೂಸ್ಟರ್‌ಜೆಟ್, 102 ಪಿಎಸ್, ನಾಲ್ಕೂ ಚಕ್ರಕ್ಕೆ ಡಿಸ್ಕ್, ತೂಕ ಹಗುರ. ಇನ್ನೊಂದು ಐ20 ಎನ್ ಲೈನ್, 120 ಪಿಎಸ್. ಎರಡಕ್ಕೂ ದಾವಣಗೆರೆಯಲ್ಲೇ ಸರ್ವಿಸ್ ಇದೆ, ಚಿತ್ರದುರ್ಗದಲ್ಲೂ ಇದೆ. ಅಬಾರ್ಥ್ ಪುಂಟೊ ಹೆಸರು ಯಾರಾದ್ರೂ ಎತ್ತುತ್ತೀರಿ ಅಂತ ಗೊತ್ತು. 145 ಪಿಎಸ್, ಓಡಿಸೋಕೆ ಚೆನ್ನ, ಒಪ್ಪಿದೆ. ಆದ್ರೆ ಫಿಯೆಟ್ ಇಲ್ಲಿ ಅಂಗಡಿ ಮುಚ್ಚಿ ವರ್ಷಗಳಾದವು, ಒಂದು ಹೆಡ್‌ಲೈಟ್‌ಗೆ ಊರೂರು ಫೋನ್ ಮಾಡಬೇಕು. ಮೊದಲ ಗಾಡಿಯಾಗಿ ಬೇಡ.

ಟಿಟಿಯೇ ಅಂತ ಹಟ ಇದ್ರೆ ಒಂದು ಲೆಕ್ಕ ಹಾಕಿ. ದಾವಣಗೆರೆಯಿಂದ ಬೆಂಗಳೂರಿಗೆ 260 ಕಿ.ಮೀ., ಹುಬ್ಬಳ್ಳಿಗೆ 150ರ ಆಸುಪಾಸು. ಅನಗೋಡು ಹತ್ರ ಗಾಡಿ ನಿಂತ್ರೆ ಹಗ್ಗ ಕಟ್ಟಿ ಎಳೆಯೋ ಹಾಗಿಲ್ಲ, ಮುಂದಿನ ಚಕ್ರ ಎತ್ತಿ ಎಳೆಯೋ ಮಾಮೂಲಿ ಟೋಯಿಂಗ್ ಗಾಡಿಯೂ ಆಗಲ್ಲ. ನಾಲ್ಕೂ ಚಕ್ರ ಮೇಲಿರಬೇಕು, ಫ್ಲ್ಯಾಟ್‌ಬೆಡ್ಡೇ ಬೇಕು. ಇನ್ಶೂರೆನ್ಸ್ ಜೊತೆ ರೋಡ್‌ಸೈಡ್ ಅಸಿಸ್ಟೆನ್ಸ್ ತಗೊಳ್ಳುವಾಗ ಎಷ್ಟು ಕಿ.ಮೀ. ತನಕ ಉಚಿತ ಅಂತ ಸಣ್ಣಕ್ಷರ ಓದಿ. 50 ಕಿ.ಮೀ. ಅಂದ್ರೆ ಹಿರಿಯೂರನ್ನೂ ಮುಟ್ಟಲ್ಲ.

ಚಳ್ಳಕೆರೆ_ಶೇಂಗಾ

ಬಿಸಿಲಿನ ಬಗ್ಗೆ ಯಾರೂ ಹೇಳ್ಲಿಲ್ವಲ್ಲ. ನಮ್ಮ ಕಡೆ ಏಪ್ರಿಲ್‌ನಲ್ಲಿ 38, 40 ಡಿಗ್ರಿ. ನೋಡೋಕೆ ಹೋದಾಗ ಎಸಿ ಫುಲ್ ಇಟ್ಟು ನಿಂತ ಜಾಗದಲ್ಲೇ 15 ನಿಮಿಷ ಓಡಿಸಿ. ಡ್ಯಾಶ್‌ಬೋರ್ಡ್ ಮುಳ್ಳು ನಂಬಬೇಡಿ. ಫೋಕ್ಸ್‌ವ್ಯಾಗನ್-ಆಡಿ ಗುಂಪಿನ ಗಾಡಿಗಳಲ್ಲಿ ನೀರು 75 ಡಿಗ್ರಿ ಇದ್ರೂ 105 ಇದ್ರೂ ಮುಳ್ಳು 90ರಲ್ಲೇ ಅಲ್ಲಾಡದೆ ಕೂತಿರುತ್ತೆ, ಹಾಗೇ ಪ್ರೋಗ್ರಾಂ ಮಾಡಿದಾರೆ. ಒಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್ ಓದೋ ಸಾಧನ) ಹಾಕಿ ನಿಜವಾದ ಡಿಗ್ರಿ ಓದಿ. ಫ್ಯಾನ್ ಎರಡೂ ತಿರುಗ್ತಾವಾ ನೋಡಿ.

ಕೂಲೆಂಟ್ ಡಬ್ಬಿ ಮುಚ್ಚಳ ತೆಗೆಯೋದು ಎಂಜಿನ್ ತಣ್ಣಗಿದ್ದಾಗ ಮಾತ್ರ. ಒಳಗೆ ಗುಲಾಬಿ ಇಲ್ಲಾ ನೇರಳೆ ಬಣ್ಣ ಇರಬೇಕು. ತುಕ್ಕಿನ ಬಣ್ಣ ಇದ್ರೆ ಯಾರೋ ಬೋರ್‌ವೆಲ್ ನೀರು ಹುಯ್ದಿದಾರೆ. ನಮ್ಮ ಕಡೆ ಬೋರ್ ನೀರಿನ ಗಡಸು ಗೊತ್ತಲ್ಲ, ಬಕೆಟ್ ಮೇಲೇ ಬಿಳಿ ಪದರ ಕಟ್ಟುತ್ತೆ, ರೇಡಿಯೇಟರ್ ಒಳಗೆ ಕಟ್ಟದೇ ಇರುತ್ತಾ? ವಾಟರ್ ಪಂಪ್, ಥರ್ಮೋಸ್ಟ್ಯಾಟ್‌ನ ಪ್ಲಾಸ್ಟಿಕ್ ಕವಚ ಎರಡೂ ಈ ಎಂಜಿನ್‌ನಲ್ಲಿ ಸೋರ್ತವೆ. ಒಣಗಿದ ಗುಲಾಬಿ ಕಲೆ ಕಂಡ್ರೆ ಸೋರಿದ ಗುರುತು.

ಪಾನಾ_ನಂಬರ್_13

ಶೇಂಗಾ ಹೇಳಿದ ಮುಳ್ಳಿನ ವಿಷಯ ನೂರಕ್ಕೆ ನೂರು ನಿಜ. ಅದರ ಜೊತೆ ಪೆಟ್ರೋಲ್ ಬಗ್ಗೆ ಒಂದು ಮಾತು. ಈಗ ಬಂಕ್‌ನಲ್ಲಿ ಸಿಗೋದು 20 ಶೇಕಡ ಎಥನಾಲ್ ಬೆರೆತದ್ದು, 2012ರ ಗಾಡಿ ಅದಕ್ಕೆ ಅಂತ ಮಾಡಿದ್ದಲ್ಲ. ಪೆಟ್ರೋಲ್ ಪೈಪ್, ಸೀಲ್‌ಗಳನ್ನ ಮೆಕ್ಯಾನಿಕ್ ಕೈಲಿ ಮುಟ್ಟಿಸಿ ನೋಡಿಸಿ. ಬಾನೆಟ್ ಎತ್ತಿದ ಕೂಡಲೇ ಪೆಟ್ರೋಲ್ ವಾಸನೆ ಬಂದ್ರೆ ಟೆಸ್ಟ್ ಡ್ರೈವ್ ಬೇಡ, ಆಫ್ ಮಾಡಿ. ತಿಂಗಳುಗಟ್ಟಲೆ ನಿಲ್ಲಿಸೋ ಗಾಡಿಗೆ ಅರ್ಧ ಟ್ಯಾಂಕ್ ಇಡಬೇಡಿ, ಫುಲ್ ಮಾಡಿಡಿ, ಎಥನಾಲ್ ಗಾಳಿಯ ತೇವ ಹೀರುತ್ತೆ.

ಟರ್ಬೊ_ತಿಮ್ಮ

ಹಂಪ್ಸ್ ಬಗ್ಗೆನೂ ಹೇಳಿ. ಹದಡಿ ರೋಡ್ ಕಡೆ ಟಿಟಿ ತಗೊಂಡು ಹೋದ್ರೆ ಹೊಟ್ಟೆ ಉಜ್ಜುತ್ತೆ.

ಗಾಜಿನಮನೆ_ಗಿರಿಜಕ್ಕ

ಓರೆಯಾಗಿ ಹತ್ತಿಸಬೇಕು ತಮ್ಮ, ಒಂದೊಂದೇ ಚಕ್ರ. ಹಿಂದಿನವರು ಹಾರ್ನ್ ಹೊಡೀತಾರೆ, ಹೊಡೀಲಿ. ಕೊಳ್ಳುವಾಗ ಲಿಫ್ಟ್ ಮೇಲೆ ಹಾಕಿಸಿದ್ರೆ ಮುಂದಿನ ಬಂಪರ್ ಕೆಳತುಟಿ, ಎಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆ, ಆಯಿಲ್ ಸಂಪ್ ಮೂರೂ ಹಳೇ ಓನರ್ ಎಂಥಾ ಹಂಪ್ಸ್ ಹಾರಿಸಿದಾರೆ ಅಂತ ಹೇಳಿಬಿಡ್ತವೆ. ಮ್ಯಾಗ್ನೆಟಿಕ್ ರೈಡ್ (ಗಡಸು-ಮೆದು ತಾನೇ ಬದಲಾಯಿಸಿಕೊಳ್ಳೋ ಶಾಕ್ ಅಬ್ಸಾರ್ಬರ್) ಇರೋ ಗಾಡಿ ಆದ್ರೆ ಶಾಕ್ ಅಬ್ಸಾರ್ಬರ್ ಮೇಲೆ ಆಯಿಲ್ ಜಿನುಗಿದೆಯಾ ನೋಡಿ, ಒಂದೊಂದರ ಬೆಲೆಗೆ ಮಾಮೂಲಿ ಗಾಡಿಯ ನಾಲ್ಕೂ ಬರ್ತವೆ.

ಕೋಟೆ_ಬುರುಜು

ಟಾಪಿಕ್ ಬಿಟ್ಟು ಒಂದು ಮಾತು. ಭಾನುವಾರ ಬೆಳಗ್ಗೆ ಹೈವೇ ಅಂದ್ರಲ್ಲ, ಕೊನೆಗೆ ಎಲ್ಲರೂ ಬಂದು ನಿಲ್ಲೋದು ದೋಸೆ ಹೋಟ್ಲು ಮುಂದೆ ತಾನೇ. ಅದಕ್ಕೆ ಟಿಟಿ ಯಾಕೆ, ಸ್ಕೂಟಿ ಸಾಕು.

ಮಂಡಕ್ಕಿ_ಮಿರ್ಚಿ

ದುರ್ಗದವರಿಗೆ ಬೆಣ್ಣೆ ದೋಸೆ ಮೇಲೆ ಮೊದಲಿಂದ ಹೊಟ್ಟೆಕಿಚ್ಚು. 1997ರಾಗ ಜಿಲ್ಲೆ ಬೇರೆ ಆದಾಗ ದೋಸೆ ನಮ್ಮ ಪಾಲಿಗೆ ಬಂತು, ಕೋಟೆ ನಿಮ್ಮ ಪಾಲಿಗೆ. ಮುಗೀತು.

ಬೆಣ್ಣೆದೋಸೆ_17

ಹೋಗಿ ನೋಡಿ ಬಂದೆ. ಮೀಟರ್, ಸ್ಕ್ಯಾನರ್ ಎರಡೂ ತಗೊಂಡೇ ಹೋಗಿದ್ದೆ. ಕಥೆ ಬೇಡ, ಅಂಕಿ ಅಷ್ಟೇ ಹಾಕ್ತೀನಿ.

ಪೇಂಟ್, ಮೈಕ್ರಾನ್ ಲೆಕ್ಕದಾಗ: ಬಾನೆಟ್ 118, ಟಾಪ್ 121, ಎಡ ಫೆಂಡರ್ 126, ಬಲ ಫೆಂಡರ್ 310, ಎಡ ಬಾಗಿಲು 130, ಬಲ ಬಾಗಿಲು 285, ಡಿಕ್ಕಿ ಬಾಗಿಲು ಮೇಲ್ಭಾಗ 140, ಕೆಳಗೆ ನಂಬರ್ ಪ್ಲೇಟ್ ಹತ್ರ 640.

ಟೈರ್ 245/40 ಆರ್18. ಮುಂದಿನವು 3521, ಹಿಂದಿನವು 0817, ಕಂಪನಿ ಬೇರೆ ಬೇರೆ. ಸ್ಕ್ಯಾನರ್‌ನಾಗ ಒಂದೂ ಫಾಲ್ಟ್ ಕೋಡ್ ಇಲ್ಲ, ಆದ್ರೆ ರೆಡಿನೆಸ್ ಅಂತ ಇರೋ ಕಡೆ ನಾಲ್ಕು "ಇನ್‌ಕಂಪ್ಲೀಟ್". ಎಸಿ ಹಾಕಿ ನಿಲ್ಲಿಸಿದಾಗ ಕೂಲೆಂಟ್ 101 ತನಕ ಹೋಗಿ 94ಕ್ಕೆ ಇಳೀತು. ಕೂಲೆಂಟ್ ಡಬ್ಬಿ ಮಿನಿಮಂ ಗೆರೆಗಿಂತ ಸ್ವಲ್ಪ ಕೆಳಗೆ, ಬಣ್ಣ ಗುಲಾಬಿ. ಬೆಳಗ್ಗೆ 8ಕ್ಕೆ ಬರ್ತೀನಿ, ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಹೇಳಿದ್ದೆ, ಹೋದಾಗ ಬಾನೆಟ್ ಬೆಚ್ಚಗಿತ್ತು. ಸರ್ವಿಸ್ ಬುಕ್‌ನಾಗ ಕೊನೇ ಸೀಲು 2017, 38,000 ಕಿ.ಮೀ.

ಏನಂತೀರಿ?

ಹರಿಹರ_ಲೇತ್

ಬಲಗಡೆ ಫೆಂಡರ್, ಬಾಗಿಲು: ಎಲ್ಲೋ ಉಜ್ಜಿಸಿಕೊಂಡು ಪೇಂಟ್ ಹೊಡೆಸಿದಾರೆ, ಪುಟ್ಟಿ ಇಲ್ಲ. ಬಿಡಿ. ಡಿಕ್ಕಿ ಕೆಳಗೆ 640 ಅಂದ್ರೆ ಹಿಂದಿನಿಂದ ಯಾರೋ ಗುದ್ದಿದಾರೆ. ಡಿಕ್ಕಿ ಒಳಗಿನ ಕಾರ್ಪೆಟ್, ಫೋಮ್ ಎತ್ತಿ ತಳದ ತಗಡು ನೋಡಿದ್ರಾ? ಅಲ್ಲಿ ಉಕ್ಕು ಇರೋದು. ಕಂಪನಿಯ ಸೀಲೆಂಟ್ ಗೆರೆ ಒಂದೇ ಸಮ ಹೋಗಿರುತ್ತೆ. ಬ್ರಷ್‌ನಲ್ಲಿ ಮೆತ್ತಿದ ಹಾಗಿದ್ರೆ, ತಗಡು ಅಲೆ ಅಲೆ ಇದ್ರೆ ಏಟು ಬಂಪರ್ ದಾಟಿ ಒಳಗೆ ಹೋಗಿದೆ. ಅಲ್ಲೇ ಒಣ ಮಣ್ಣಿನ ಪದರ ಸಿಕ್ರೆ ನೀರಲ್ಲಿ ಮುಳುಗಿದ ಗಾಡಿ. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಲ್ಲಿ ಎಂಥೆಂಥಾ ಗಾಡಿ ಮುಳುಗಿದ್ವು ಎಲ್ಲರೂ ನೋಡಿದಾರೆ. ಸೀಟ್ ಬೆಲ್ಟ್ ಪೂರ್ತಿ ಎಳೆದು ಕೊನೇ ಅರ್ಧ ಅಡಿ ನೋಡಿ. ಒಳಗೆ ತೊಳೆದವರು ಅಲ್ಲಿ ತನಕ ತೊಳೆಯಲ್ಲ, ನೀರಿನ ಗೆರೆ ಅಲ್ಲೇ ಉಳಿದಿರುತ್ತೆ.

ಪಾನಾ_ನಂಬರ್_13

ಪೇಂಟ್‌ಗಿಂತ ನನಗೆ ಎರಡು ವಿಷಯ ಮುಖ್ಯ. ಬಾನೆಟ್ ಬೆಚ್ಚಗಿತ್ತು, ರೆಡಿನೆಸ್ ಇನ್‌ಕಂಪ್ಲೀಟ್. ಎರಡನ್ನೂ ಜೋಡಿಸಿ ನೋಡಿ. ರೆಡಿನೆಸ್ ಅಂದ್ರೆ ಗಾಡಿ ತನ್ನನ್ನ ತಾನೇ ಪರೀಕ್ಷಿಸಿಕೊಳ್ಳೋ ಮಾನಿಟರ್‌ಗಳು. ಫಾಲ್ಟ್ ಕೋಡ್ ಅಳಿಸಿದ ಕೂಡಲೇ ಆ ಮಾನಿಟರ್‌ಗಳೂ ಸೊನ್ನೆಗೆ ಬರ್ತವೆ, ಗಾಡಿ ಬೇರೆ ಬೇರೆ ವೇಗದಲ್ಲಿ ಸುಮಾರು ಹೊತ್ತು ಓಡಿದ ಮೇಲೇ ಒಂದೊಂದಾಗಿ ತುಂಬೋದು. ಬ್ಯಾಟರಿ ಬಿಚ್ಚಿದ್ರೂ ಹೀಗೇ ಆಗುತ್ತೆ, ಡೀಲರ್ ಅದೇ ನೆಪ ಹೇಳ್ತಾನೆ. ಅದಿರಲಿ. ಸ್ಟಾರ್ಟ್ ಮಾಡಬೇಡಿ ಅಂತ ಹೇಳಿದ ಗಾಡಿಯನ್ನೇ ಯಾಕೆ ಬಿಸಿ ಮಾಡಿಟ್ಟ? ಕೋಲ್ಡ್ ಸ್ಟಾರ್ಟ್ ಸದ್ದು ನಿಮ್ಮ ಕಿವಿಗೆ ಬೀಳಬಾರದು ಅಂತ ಅಲ್ವಾ?

ಸರ್ವಿಸ್ ಬುಕ್ 2017ಕ್ಕೇ ನಿಂತಿದೆ. ಆಮೇಲಿನ ವರ್ಷಗಳಿಗೆಲ್ಲಾ ಸೇರಿ 10,000 ಕಿ.ಮೀ. ಅಂತೆ. ನಿಜ ಆದ್ರೆ ಗಾಡಿ ನಿಂತೇ ಇತ್ತು, ರಬ್ಬರ್ ಬುಷ್, ಸೀಲ್ ಎಲ್ಲಾ ಒಣಗಿರುತ್ತೆ. ಸುಳ್ಳಾದ್ರೆ ಮೀಟರ್ ತಿರುವಿದಾರೆ. ವಿಸಿಡಿಎಸ್ (ಈ ಗುಂಪಿನ ಗಾಡಿಗಳ ಸ್ಕ್ಯಾನರ್ ಸಾಫ್ಟ್‌ವೇರ್) ಇರೋ ಗ್ಯಾರೇಜ್‌ನಲ್ಲಿ ಬೇರೆ ಬೇರೆ ಮಾಡ್ಯೂಲ್‌ಗಳಲ್ಲಿ ಉಳಿದಿರೋ ಕಿ.ಮೀ. ಲೆಕ್ಕ ತಾಳೆ ನೋಡಬಹುದು. ಬ್ರೇಕ್ ಡಿಸ್ಕ್ ಅಂಚಿನ ದಂಡೆ, ಪೆಡಲ್ ರಬ್ಬರ್, ಡ್ರೈವರ್ ಸೀಟಿನ ಹೊರಗಿನ ಮಗ್ಗುಲು, ಇವೆಲ್ಲಾ 48,000ಕ್ಕೆ ಹೊಂದಬೇಕು.

ಕೊನೇ ಮಾತು ಹೇಳಬೇಕು ಅಂದ್ರೆ ನಾಲ್ಕೂ ಸಿಲಿಂಡರ್ ಕಂಪ್ರೆಷನ್ (ಒಳಗಿನ ಒತ್ತಡ) ಅಳೆದ ಅಂಕಿ ಬೇಕು. ಬಿಸಿ ಎಂಜಿನ್, ಆಕ್ಸಲರೇಟರ್ ಪೂರ್ತಿ ಒತ್ತಿ, ಪೆಟ್ರೋಲ್ ಮತ್ತು ಕಾಯಿಲ್ ಕನೆಕ್ಷನ್ ತೆಗೆದು ಕ್ರ್ಯಾಂಕ್ ಮಾಡೋದು. 10ರಿಂದ 13 ಬಾರ್ ಒಳಗೆ ಬರಬೇಕು, ಒಂದಕ್ಕೊಂದು ಹತ್ತಿರ ಇರಬೇಕು. ಮೂರು 12 ಬಂದು ಒಂದು 9 ಬಂದ್ರೆ ವಾಪಸ್ ಬಸ್ ಹತ್ತಿ.

ಫಾರಂ_29_30

ಟೈರ್ ನಾಲ್ಕೂ ಬದಲಾಯಿಸಬೇಕು, ಆ ಸೈಜ್ ಒಂದೊಂದು ಹದಿನೈದು ಸಾವಿರದ ಆಸುಪಾಸು. ಲೈಫ್ ಟ್ಯಾಕ್ಸ್, ಗೇರ್ ಆಯಿಲ್, ಹಾಲ್ಡೆಕ್ಸ್ ಆಯಿಲ್, ಟೆನ್ಷನರ್ ಸೇರಿಸಿ. ನಿಮ್ಮ 2 ಲಕ್ಷ ಎಲ್ಲಿ ಉಳೀತು?

ಟರ್ಬೊ_ತಿಮ್ಮ

12ಕ್ಕೆ ಕೇಳಿ. ಕೊಟ್ರೆ ಲಾಭ, ಕೊಡ್ಲಿಲ್ಲಾಂದ್ರೆ ಹೋಗ್ಲಿ.

ಗಾಜಿನಮನೆ_ಗಿರಿಜಕ್ಕ

ತಿಮ್ಮ, ಚೈನ್ ಸದ್ದು ಇರೋ ಗಾಡಿ 12ಕ್ಕೂ ದುಬಾರಿನೇ. ಬೆಲೆ ಆಮೇಲೆ. ಮೊದಲು ಲಿಫ್ಟ್ ಮೇಲೆ ಹಾಕೋಕೆ ಒಪ್ತಾನಾ, ನೀವು ಆರಿಸಿದ ಗ್ಯಾರೇಜ್‌ನಲ್ಲಿ ಒಂದು ರಾತ್ರಿ ನಿಲ್ಲಿಸಿ ಬೆಳಗ್ಗೆ ಸ್ಟಾರ್ಟ್ ಮಾಡೋಕೆ ಬಿಡ್ತಾನಾ ಕೇಳಿ. ಇನ್ಸ್‌ಪೆಕ್ಷನ್ ದುಡ್ಡು ನಿಮ್ಮದೇ ಅನ್ನಿ. ಟೋಕನ್ ಅಡ್ವಾನ್ಸ್ ಕೇಳಿದ್ರೆ "ಇನ್ಸ್‌ಪೆಕ್ಷನ್‌ನಲ್ಲಿ ತೊಂದರೆ ಕಂಡ್ರೆ ಪೂರ್ತಿ ವಾಪಸ್" ಅಂತ ಬರೆಸಿಕೊಂಡು ಕೊಡಿ, ಬಾಯಿಮಾತಲ್ಲಿ ಬೇಡ.

ಬೆಣ್ಣೆದೋಸೆ_17

ಈಗಷ್ಟೇ ಫೋನ್ ಮಾಡಿದೆ ಅಕ್ಕ. "ಶೋರೂಮ್ ಬಿಟ್ಟು ಗಾಡಿ ಹೊರಗೆ ಕಳಿಸಲ್ಲ, ಬೇರೆ ಪಾರ್ಟಿ ರೆಡಿ ಇದಾರೆ" ಅಂದ.

ಮಂಡಕ್ಕಿ_ಮಿರ್ಚಿ

ಆ ಬೇರೆ ಪಾರ್ಟಿ ಎಲ್ಲಾ ಡೀಲರ್ ಹತ್ರನೂ ಇರ್ತಾನೆ. ಒಬ್ಬನೇ ಮನುಷ್ಯ, ರಾಜ್ಯದ ಎಲ್ಲಾ ಹಳೇ ಗಾಡಿಗೂ ಅವನೇ ಗಿರಾಕಿ.

ಪಾನಾ_ನಂಬರ್_13

ಆ ಪಾರ್ಟಿಗೇ ಕೊಡಲಿ ಬಿಡಿ.

ಬೆಣ್ಣೆದೋಸೆ_17

ಬಿಟ್ಟೆ. ಮುಂದಿನ ವಾರ ಹುಬ್ಬಳ್ಳಿಯಾಗ ಒಂದು ಸ್ಲಾವಿಯಾ 1.5 ಮ್ಯಾನುಯಲ್ ಐತಿ, ಕರ್ನಾಟಕದ್ದೇ ನಂಬರ್, ಒಂದೇ ಓನರ್, 31,000. ಮಿರ್ಚಿ ಅಣ್ಣ ನಗಬೇಡಿ. ಇದಕ್ಕೆ ಬಾನೆಟ್ ಮೇಲೆ ಅಯಸ್ಕಾಂತ ಅಂಟುತ್ತಾ?

ಹರಿಹರ_ಲೇತ್

ಅಂಟುತ್ತೆ. ಆದ್ರೂ ಮೀಟರ್ ತಗೊಂಡೇ ಹೋಗಿ. ಮ್ಯಾನುಯಲ್ ಅಲ್ವಾ, ಕ್ಲಚ್ ಹೀಗೆ ನೋಡಿ: ನಾಲ್ಕನೇ ಗೇರ್, 40 ಕಿ.ಮೀ. ವೇಗ, ಆಕ್ಸಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಏರಿ ಗಾಡಿ ಏರದೇ ಹೋದ್ರೆ ಪ್ಲೇಟ್ ಜಾರ್ತಿದೆ.

ಕೋಟೆ_ಬುರುಜು

ಹುಬ್ಬಳ್ಳಿಯಿಂದ ಬರೋವಾಗ ಗಿರ್ಮಿಟ್ ಕಟ್ಟಿಸ್ಕೊಂಡ್ ಬನ್ನಿ ಸಾರ್. ದೋಸೆ ಅಂತೂ ನಿಮ್ಮೂರಲ್ಲೇ ಐತಲ್ಲ.